ಹಿಲ್ಕಾ ಅತ್ತೆ ಕೆರೆ ತೆರೆದದ್ದು

ಮಂಜುಗಡ್ಡೆಗೆ ತೂತು ಕೊರೆದು ಪರ್ಚ್ ಮೀನು ಹಿಡಿಯುವುದು ನಮ್ಮ ಊರಿನಲ್ಲಿ ದೊಡ್ಡ ವಿದ್ಯೆಯೇನಲ್ಲ. ಒಂದು ಕೈಬೈರಿಗೆ, ಮೊಳದುದ್ದದ ಕಡ್ಡಿ, ಒಂದಿಷ್ಟು ದಾರ, ಹಿತ್ತಾಳೆಯ ಪುಟ್ಟ ತಗಡಿಗೆ ಬೆಸೆದ ಗಾಳ, ಕೂರುವುದಕ್ಕೆ ಮರದ ಪೆಟ್ಟಿಗೆ, ಇಷ್ಟಿದ್ದರೆ ಸಾಕು. ಮಾರ್ಚ್ ತಿಂಗಳ ಬಿಸಿಲು ಬಿತ್ತೆಂದರೆ ಊರಿನ ಅರ್ಧ ಜನ ಗಾಳಿಗೆ ಬೆನ್ನು ಕೊಟ್ಟು ಕೆರೆಯ ಮೇಲೆ ಕೂತಿರುತ್ತಾರೆ. ಅವರಲ್ಲೆಲ್ಲ ಹಿಲ್ಕಾ ರೈಸಾನೆನ್ ಹೆಸರೇ ಮೊದಲು ಬರುತ್ತಿತ್ತು. ನಾವು ಅವರನ್ನು ಹಿಲ್ಕಾ ಅತ್ತೆ ಎನ್ನುತ್ತೇವೆ.

ಅವರು ಹುಟ್ಟಿದ್ದು ಕೆರೆಯೇ ಇಲ್ಲದ, ಬರೀ ಹೊಲಗಳ ಊರಿನಲ್ಲಿ. ತೌನೊ ಎಂಬವರನ್ನು ಮದುವೆಯಾಗಿ ನಮ್ಮ ಊರು ಕೊಯ್ವುನಿಯೆಮಿಗೆ ಬಂದಾಗ ಮಂಜುಗಡ್ಡೆಯ ಮೇಲೆ ಕಾಲಿಡುವುದಕ್ಕೂ ಹೆದರುತ್ತಿದ್ದರಂತೆ. ತೌನೊ ಬಲೆಯ ಮೀನುಗಾರ. ಗಾಳ ಹಿಡಿದು ಕೂರುವಷ್ಟು ತಾಳ್ಮೆ ಅವರಿಗಿರಲಿಲ್ಲ. ಆ ತಾಳ್ಮೆ ಅತ್ತೆಗಿತ್ತು. ಊರಿನ ಶಾಲೆ ಮುಚ್ಚುವವರೆಗೂ ಅವರು ಅದರ ಅಡುಗೆಮನೆಯಲ್ಲಿ ದುಡಿದರು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ನೇರವಾಗಿ ಕೆರೆಗೆ ಹೋಗುತ್ತಿದ್ದರು. ಯಾರಾದರೂ ಹಾದುಹೋಗುತ್ತ "ಏನಾದ್ರೂ ಬಿತ್ತಾ?" ಎಂದು ಕೇಳಿದರೆ, ತಲೆ ಎತ್ತದೆ "ಬಿತ್ತು, ನಿನ್ನ ಕಣ್ಣು" ಎನ್ನುತ್ತಿದ್ದರು. ಹಿಡಿದ ಮೀನನ್ನು ಹಂದಿಯ ಕೊಬ್ಬಿನ ಜೊತೆ ರೈ ಎಂಬ ಧಾನ್ಯದ ಹಿಟ್ಟಿನ ದಪ್ಪ ಕಣಕದೊಳಗೆ ಮುಚ್ಚಿ, ಮುಳ್ಳು ಕರಗುವ ತನಕ ಒಲೆಯಲ್ಲಿ ಬೇಯಿಸುತ್ತಿದ್ದರು. ಇದಕ್ಕೆ ನಮ್ಮಲ್ಲಿ ಕುಕ್ಕೊ ಎನ್ನುತ್ತಾರೆ. ಎಲ್ಲರ ಮನೆಯಲ್ಲೂ ಮಾಡುತ್ತಾರೆ, ಆದರೂ ಹಿಲ್ಕಾ ಅತ್ತೆಯ ಕುಕ್ಕೊ ಸಿಕ್ಕಿದ ದಿನ ಮನೆಯದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಅವರ ಮನೆ ಕೆರೆಯ ದಂಡೆಯಲ್ಲೇ ಇದ್ದುದರಿಂದ, ಮೀನು ಹಿಡಿಯುವವರು ಕೈ ಮರಗಟ್ಟಿದಾಗ ಅವರ ಅಡುಗೆಮನೆಗೆ ನುಗ್ಗುತ್ತಿದ್ದರು. ಬಾಗಿಲು ತಟ್ಟುವ ರೂಢಿ ಇರಲಿಲ್ಲ. ಕಾಫಿಯ ಪಾತ್ರೆ ಯಾವಾಗಲೂ ಒಲೆಯ ಮೇಲೇ ಇರುತ್ತಿತ್ತು.

ಒಂದು ವರ್ಷ ನವೆಂಬರಿನಲ್ಲಿ, ಕೆರೆ ಆಗಷ್ಟೇ ಹೆಪ್ಪುಗಟ್ಟಿದಾಗ, ತೌನೊ ಬಲೆ ಹಾಕಲು ಹೊರಟರು.

"ಇನ್ನೆರಡು ದಿನ ಕಾಯಬಾರ್ದಾ?" ಎಂದರು ಅತ್ತೆ.

"ಕೋಲಲ್ಲಿ ಕುಟ್ಕೊಂಡೇ ಹೋಗ್ತೀನಿ. ನೀನು ಒಳಗೆ ಹೋಗು, ಬಾಗಿಲಲ್ಲಿ ನಿಂತು ಮನೆ ತಣ್ಣಗೆ ಮಾಡ್ಬೇಡ."

ಕೆರೆ ಇಕ್ಕಟ್ಟಾಗುವ ಕಡೆ ನೀರಿಗೆ ಸೆಳೆತವಿದೆ. ಅಲ್ಲಿ ಮಂಜುಗಡ್ಡೆ ತೆಳುವಾಗಿತ್ತು. ಒಡೆದ ಜಾಗದ ಅಂಚಿನಲ್ಲಿ ಅವರ ಕೈಚೀಲ ಸಿಕ್ಕಿತು, ಅವರು ಸಿಗಲಿಲ್ಲ. ಮುಳುಗು ಹಾಕುವವರು ಬಂದು ಹುಡುಕಿದರು, ಊರಿನವರು ಕೊಕ್ಕೆ ಕಟ್ಟಿದ ಹಗ್ಗ ಎಳೆದು ಹುಡುಕಿದರು. ಆಮೇಲೆ ದೊಡ್ಡ ಚಳಿ ಬಂತು. ಕೆರೆ ಪೂರ್ತಿ ಮುಚ್ಚಿಕೊಂಡಿತು.

ನಮ್ಮ ಕೆರೆಗೆ ಒಂದು ಪದ್ಧತಿ ಇದೆ. ಯಾರಾದರೂ ಮಂಜುಗಡ್ಡೆಯ ಕೆಳಗೆ ಉಳಿದುಬಿಟ್ಟರೆ, ಅವರ ಮನೆಯವರು ಕೆರೆ ತೆರೆಯುವ ತನಕ ಬೇರೆ ಯಾರೂ ಆ ನೀರಿಗೆ ಗಾಳ ಇಳಿಸುವುದಿಲ್ಲ. ತೆರೆಯುವುದೆಂದರೆ, ಮನೆಯವರೇ ಹೋಗಿ ತೂತು ಕೊರೆದು, ಮೊದಲ ಮೀನನ್ನು ಮೇಲೆತ್ತಿ, ಬೇಯಿಸಿ, ಮೊದಲ ತುತ್ತನ್ನು ತಾವು ತಿಂದು, ಮಿಕ್ಕದ್ದನ್ನು ನೆರೆಯವರಿಗೆ ಬಡಿಸುವುದು. ಇದನ್ನು ಅವರಿಗೆ ಯಾರೂ ನೆನಪಿಸಬಾರದು. ನೆನಪಿಸಿದರೆ ದುಃಖಕ್ಕೆ ಅವಸರ ಮಾಡಿದಂತಾಗುತ್ತದೆ. ಹಿಂದಿನ ಸಲ ಹೀಗಾದಾಗ ನನ್ನ ಅಜ್ಜಿ ಕೆರ್ತು ಇನ್ನೂ ಶಾಲೆಗೆ ಹೋಗುತ್ತಿದ್ದಳು. ಹಿಲ್ಕಾ ಅತ್ತೆ ಸೊಸೆಯಾಗಿ ಬಂದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಅವರಿಗೆ ಈ ಪದ್ಧತಿ ಗೊತ್ತಿಲ್ಲ ಎಂಬುದು ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆ ಚಳಿಗಾಲ ಕೆರೆ ಖಾಲಿಯಾಗಿ ಬಿದ್ದಿತ್ತು. ಹಿಮದ ಮೇಲೆ ನರಿಯ ಹೆಜ್ಜೆ ಬಿಟ್ಟರೆ ಬೇರೆ ಗುರುತಿರಲಿಲ್ಲ. ಅತ್ತೆ ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು. ಕಾಫಿಯ ಪಾತ್ರೆಯನ್ನು ಮೊದಲಿನಂತೆ ಒಲೆಯ ಮೇಲಿಡುತ್ತಿದ್ದರು, ಸಂಜೆ ಚೆಲ್ಲುತ್ತಿದ್ದರು. ತೌನೊ ಬಿದ್ದ ನೀರೆಂದು ಜನಕ್ಕೆ ಹೇಸಿಗೆಯಾಗಿರಬೇಕು ಎಂದುಕೊಂಡರು. ತೆಳು ಮಂಜುಗಡ್ಡೆಯ ಮೇಲೆ ಹೋಗಿ ಕೆರೆ ಕೆಡಿಸಿದ ಎಂದು ಒಳಗೊಳಗೇ ಬೈಯುತ್ತಿರಬೇಕು ಎಂದೂ ಎಂದುಕೊಂಡರು. ಅಂಗಡಿಯಲ್ಲಿ ಜನರಿದ್ದರೆ ಹೊರಗೇ ನಿಂತು, ಅವರು ಹೋದ ಮೇಲೆ ಒಳಗೆ ಹೋಗುತ್ತಿದ್ದರು. ಅವರಿಗೆ ಮಾತು ಬೇಡವಾಗಿದೆ ಎಂದು ಜನ ತಿಳಿದುಕೊಂಡು ದಾರಿ ಬಿಟ್ಟರು. ಅವರು ದೂರ ಸರಿದಷ್ಟೂ ಊರು ಮರ್ಯಾದೆಯಿಂದ ಇನ್ನಷ್ಟು ದೂರ ಸರಿಯಿತು.

ಫೆಬ್ರವರಿಯ ಕೊನೆಗೆ ಒಂದು ಸುದ್ದಿ ಬಂತು. ಹಿಲ್ಕಾ ಅತ್ತೆ ಮನೆ ಮಾರಿ ಕುವೋಪಿಯೋ ಪಟ್ಟಣದಲ್ಲಿರುವ ತಂಗಿಯ ಮನೆಗೆ ಹೋಗುತ್ತಾರಂತೆ. ಆ ರಾತ್ರಿ ಅಜ್ಜ ಊಟ ಮಾಡಲಿಲ್ಲ ಎಂದು ಅಜ್ಜಿ ಹೇಳುತ್ತಾಳೆ. ಮಾಡಿದೆ, ಆದರೆ ಕಮ್ಮಿ ಮಾಡಿದೆ ಎಂದು ಅಜ್ಜ ಹೇಳುತ್ತಾನೆ. ಅತ್ತೆ ಹೋದರೆ ಆ ಮನೆಯವರು ಎನ್ನಲು ಯಾರೂ ಉಳಿಯುವುದಿಲ್ಲ. ಕೆರೆಯನ್ನು ತೆರೆಯುವವರೇ ಇರುವುದಿಲ್ಲ. ಅದು ಗೊತ್ತಿದ್ದೂ ಯಾರೂ ಹೋಗಿ ಅವರನ್ನು ಕೇಳಲಿಲ್ಲ.

ನನ್ನ ಅಜ್ಜನ ಹೆಸರು ಏಲಿಸ್. ತೌನೊ ಜೊತೆ ಬಲೆ ಎಳೆದವನು ಅವನೇ. ಅವನ ಸೊಂಟ ಆಗಲೇ ಕೆಟ್ಟಿತ್ತು, ಆದರೂ ಬೇಸಗೆಯ ತನಕ ಗಾಳ ಹಾಕದೆ ಇರುವುದು ಅವನಿಂದಾಗಲಿಲ್ಲ. ಕಾಡಿನಾಚೆ ಮುಸ್ತಾಲಂಪಿ ಎಂಬ ಕಪ್ಪು ನೀರಿನ ಕೊಳವಿದೆ. ಅಲ್ಲಿಯ ಪರ್ಚ್ ಬೆರಳುದ್ದ ಇರುತ್ತದೆ, ಕೆಸರು ನಾರುತ್ತದೆ. ಬೈರಿಗೆ ಹೊತ್ತುಕೊಂಡು ಅವನು ಅಲ್ಲಿಗೇ ಹೋಗುತ್ತಿದ್ದ. ದಾರಿ ಅತ್ತೆಯ ಕಟ್ಟಿಗೆ ಕೊಟ್ಟಿಗೆಯ ಹಿಂದಿನಿಂದ ಹಾದುಹೋಗುತ್ತದೆ. ಮಾರ್ಚಿನ ಒಂದು ಬೆಳಿಗ್ಗೆ ಹಿಮದ ಮೇಲ್ಪದರ ಕುಸಿದು ಅವನು ಅಲ್ಲೇ ಹೂತುಕೊಂಡ. ಕಟ್ಟಿಗೆ ತರಲು ಬಂದ ಅತ್ತೆ ಅವನನ್ನು ಕಂಡರು.

"ಏಲಿಸ್, ಅಲ್ಲಿ ಕೂತು ಏನ್ಮಾಡ್ತಿದೀಯ?"

"ಸುಧಾರಿಸ್ಕೋತಿದೀನಿ."

"ಸೊಂಟದ ತನಕ ಹಿಮದಲ್ಲಿ ಹೂತ್ಕೊಂಡಾ?"

"ಮೆತ್ತಗಿದೆ."

ಅತ್ತೆ ಸಲಿಕೆ ತಂದು ಅವನನ್ನು ಅಗೆದು ತೆಗೆದರು. ಜಾರುಬಂಡಿಯ ಮೇಲೆ ಕೂರಿಸಿ ತಳ್ಳಿಕೊಂಡು ನಮ್ಮ ಮನೆಗೆ ತಂದರು. ಅಡುಗೆಮನೆಯಲ್ಲಿ ಅಜ್ಜಿ ಅವನ ಬೂಟು ಎಳೆಯುತ್ತಿದ್ದಾಗ ಅತ್ತೆಯ ಸಿಟ್ಟು ಹೊರಬಿತ್ತು.

"ಕಣ್ಣೆದುರಿಗೆ ಅಷ್ಟು ದೊಡ್ಡ ಕೆರೆ ಇಟ್ಕೊಂಡು, ಆ ಗುಂಡಿಯ ಕೆಸರು ಮೀನಿಗೋಸ್ಕರ ಸಾಯೋಕೆ ಹೊರಟಿದೀಯಲ್ಲ ಮುದುಕ. ನನ್ನ ಮನೆ ಮುಂದೆ ಹಾದ್ರೆ ಮೈಗೆ ಏನಾದ್ರೂ ಅಂಟುತ್ತಾ?"

ಅಜ್ಜ ಅಜ್ಜಿಯ ಮುಖ ನೋಡಿದ. ಅಜ್ಜಿ ಬೂಟನ್ನು ಕೈಯಲ್ಲೇ ಹಿಡಿದು ನಿಂತಳು.

"ಅಂಟೋದೇನು ಬಂತು ಹಿಲ್ಕಾ, ನೀನು ತೆಗೀದೆ ನಾವು ಹೇಗೆ ಹೋಗೋದು?" ಎಂದ ಅಜ್ಜ.

"ನಾನೇನು ತೆಗೀಬೇಕು?"

"ಕೆರೇನ."

"ಕೆರೇನಾ? ಅದಕ್ಕೆ ಬೀಗ ಹಾಕ್ದೋರು ಯಾರು?"

ಆಗ ಅಜ್ಜಿಗೆ ಗೊತ್ತಾಯಿತು. ಅವಳು ಬೂಟನ್ನು ಒಲೆಯ ಪಕ್ಕದಲ್ಲಿಟ್ಟು, ಅತ್ತೆಯನ್ನು ಕೂರಿಸಿ, ಪದ್ಧತಿಯನ್ನು ಮೊದಲಿಂದ ಕೊನೆಯ ತನಕ ಹೇಳಿದಳು.

"ಇಡೀ ಚಳಿಗಾಲ, ಒಬ್ರಾದ್ರೂ ಒಂದು ಮಾತು ಹೇಳ್ಬಹುದಿತ್ತಲ್ಲ ಕೆರ್ತು."

"ಹೇಳ್ಬಾರ್ದು ಅನ್ನೋದೇ ಪದ್ಧತಿ ಕಣೇ."

"ಗೊತ್ತಿಲ್ಲದೋಳಿಗೂ?"

"ನಿನಗೆ ಗೊತ್ತಿಲ್ಲ ಅಂತ ಯಾರಿಗೆ ಗೊತ್ತಿತ್ತು? ನೀನು ಇಲ್ಲೇ ಹುಟ್ಟಿದೋಳು ಅನ್ನೋ ಹಾಗೆ ಆಗಿಹೋಗಿತ್ತು ನಮಗೆ."

"ನೀವೆಲ್ಲ ನನ್ನ ಬಿಟ್ಟು ಹಾಕಿದ್ರಿ ಅಂದ್ಕೊಂಡಿದ್ದೆ" ಎಂದರು ಅತ್ತೆ. ಅಜ್ಜಿ ಕಾಫಿ ಸುರಿದಳು. ಲೋಟ ತುಂಬಿ ತಟ್ಟೆಗೆ ಚೆಲ್ಲಿತು, ಇಬ್ಬರೂ ಅದನ್ನು ಗಮನಿಸಲಿಲ್ಲ ಎಂದು ಅಜ್ಜ ಹೇಳುತ್ತಾನೆ.

ಅತ್ತೆ ಹೊರಡಲು ಎದ್ದು, ಬಾಗಿಲ ಬಳಿ ನಿಂತರು.

"ಆ ಮೀನನ್ನ ನಾನು ಬಾಯಿಗೆ ಹೇಗಿಡ್ಲಿ? ಅವನಿರೋ ನೀರಿನ ಮೀನು."

ಅಜ್ಜ ಹೇಳಿದ, "ಇಡೋಕಾಗ್ದಿದ್ರೆ ಇಡ್ಬೇಡ. ಯಾರೂ ಏನೂ ಅನ್ನಲ್ಲ."

"ಆಗ ಕೆರೆ?"

"ಹಾಗೇ ಇರತ್ತೆ."

"ಅವನು ಸಿಗೋ ತನಕ ಕಾದ್ರೆ?"

"ಕಾಯಬಹುದು. ಸಿಗದೇನೂ ಇರಬಹುದು. ಅದು ನಿನಗೆ ಬಿಟ್ಟಿದ್ದು."

ಅದಾದ ಮೇಲೆ ಕೆಲವು ದಿನ ಅತ್ತೆಯ ಮನೆಯಿಂದ ಹೊಗೆ ಬಿಟ್ಟರೆ ಬೇರೇನೂ ಹೊರಬರಲಿಲ್ಲ. ಅಜ್ಜಿ ಹೋಗಿ ನೋಡಬೇಕೆಂದು ಎರಡು ಸಲ ಕೋಟು ಹಾಕಿಕೊಂಡಳು, ಎರಡು ಸಲವೂ ಬಿಚ್ಚಿಟ್ಟಳು.

ಒಂದು ಶನಿವಾರ ಬೆಳಿಗ್ಗೆ, ಗಾಳಿ ಇಲ್ಲದ ಬಿಸಿಲಿನಲ್ಲಿ, ಅತ್ತೆ ದಂಡೆ ಇಳಿದು ಬಂದರು. ಒಂದು ಕೈಯಲ್ಲಿ ಪೆಟ್ಟಿಗೆ, ಹೆಗಲ ಮೇಲೆ ಬೈರಿಗೆ. ದಂಡೆಯಂಚಿನಲ್ಲಿ ನಿಂತರು. ಊರಿನ ಪ್ರತಿ ಕಿಟಕಿಯ ಹಿಂದೆಯೂ ಜನ ಇದ್ದರು, ಆದರೆ ಒಬ್ಬರೂ ಹೊರಗೆ ಬರಲಿಲ್ಲ. ಅವರು ಕೆರೆಯ ಮೇಲೆ ಕಾಲಿಟ್ಟರು. ತೌನೊ ಬಿದ್ದ ಇಕ್ಕಟ್ಟಿನ ಕಡೆಗೆ ತಿರುಗಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಆ ಕಡೆ ಹೋಗದೆ, ಒಣಗಿದ ಜೊಂಡಿನ ಅಂಚು ಆಳಕ್ಕಿಳಿಯುವಲ್ಲಿಗೆ ನಡೆದರು. ಮಾರ್ಚಿನಲ್ಲಿ ಪರ್ಚ್ ಬರುವುದು ಅಲ್ಲಿಗೇ.

ಬೈರಿಗೆಯ ಹಿಡಿ ಹೆಚ್ಚುಕಮ್ಮಿ ಮಂಜುಗಡ್ಡೆಯನ್ನು ಮುಟ್ಟುವ ತನಕ ಕೊರೆಯಬೇಕಾಯಿತು. ನಡುವೆ ಮೂರ್ನಾಲ್ಕು ಸಲ ನಿಂತು ಉಸಿರು ತೆಗೆದುಕೊಂಡರು. ನೀರು ಬುಳಕ್ಕೆಂದು ಮೇಲೆ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮೊಣಕಾಲೂರಿ, ತೂತಿನ ಸೌಟಿನಿಂದ ಮಂಜಿನ ಚೂರುಗಳನ್ನು ಎತ್ತಿ ಹಾಕಿದರು. ತಗಡನ್ನು ತಳಕ್ಕೆ ಬಿಟ್ಟು ಗೇಣಿನಷ್ಟು ಮೇಲೆತ್ತಿ ಎರಡು ಸಲ ಕುಣಿಸಿ, ಕೈಯನ್ನು ಅಲುಗಾಡದಂತೆ ಹಿಡಿದರು. ಕುಣಿಯುವ ಗಾಳ ಪರ್ಚನ್ನು ಕರೆಯುತ್ತದೆ ಅಷ್ಟೇ, ಅದು ಬಾಯಿ ಹಾಕುವುದು ಗಾಳ ನಿಂತಾಗ.

ಬಹಳ ಹೊತ್ತು ಏನೂ ಆಗಲಿಲ್ಲ. ಅವರು ಜಾಗ ಬದಲಿಸಲಿಲ್ಲ. ಬಿಸಿಲು ದೇವದಾರು ಮರಗಳ ತುದಿ ದಾಟಿದ ಮೇಲೆ ಕಡ್ಡಿಯ ತುದಿ ಬಾಗಿತು. ಅತ್ತೆ ಅವಸರವಿಲ್ಲದೆ, ಒಂದು ಕೈ ಆದ ಮೇಲೆ ಇನ್ನೊಂದು ಕೈಯಿಂದ ದಾರ ಎಳೆದರು. ಅಂಗೈಗಿಂತ ಸ್ವಲ್ಪ ದೊಡ್ಡ ಪರ್ಚ್ ಮೇಲೆ ಬಂತು. ಹಸಿರು ಮೈ, ಕಪ್ಪು ಪಟ್ಟೆ, ಕೆಂಪು ರೆಕ್ಕೆ. ಬೆನ್ನಿನ ಮುಳ್ಳುಗಳನ್ನೆಲ್ಲ ನಿಗುರಿಸಿಕೊಂಡು ಹಿಮದ ಮೇಲೆ ಹೊರಳಿತು.

ಮೊದಲ ಮೀನಿನ ಕಣ್ಣು ಕಿತ್ತು ಗಾಳಕ್ಕೆ ಸಿಕ್ಕಿಸುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಪರ್ಚಿಗೆ ಅದಕ್ಕಿಂತ ಒಳ್ಳೆಯ ಎರೆ ಇಲ್ಲ. ಅತ್ತೆ ಅಂದು ಹಾಗೆ ಮಾಡಲಿಲ್ಲ. ಚಾಕು ತೆಗೆದು ಅಲ್ಲೇ ಅದರ ಹೊಟ್ಟೆ ಸೀಳಿದರು. ಮೀನನ್ನು ಯಾರೂ ಕೆರೆಯ ಮೇಲೆ ಸೀಳುವುದಿಲ್ಲ, ಮನೆಗೆ ಒಯ್ದು ಸೀಳುತ್ತಾರೆ. ದುರ್ಬೀನಿನಲ್ಲಿ ನೋಡುತ್ತಿದ್ದ ಅಜ್ಜನಿಗೆ ಮೊದಲು ಅರ್ಥವಾಗಲಿಲ್ಲವಂತೆ. ಅತ್ತೆ ಕೈಗವಸು ಬಿಚ್ಚಿ ಹೊಟ್ಟೆಯೊಳಗಿದ್ದದ್ದನ್ನು ಬಿಳಿ ಹಿಮದ ಮೇಲೆ ಹರಡಿ, ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದರು. ನೀರಿನ ಸಣ್ಣ ಹುಳುಗಳಿದ್ದವು, ಅರ್ಧ ಕರಗಿದ ಒಂದು ಮೀನಿನ ಮರಿ ಇತ್ತು. ಇದನ್ನು ಆಮೇಲೆ ಅವರೇ ಅಜ್ಜಿಗೆ ಹೇಳಿದರು. "ಬೇರೇನೂ ಇರ್ಲಿಲ್ಲ ಕೆರ್ತು. ಯಾವಾಗ್ಲೂ ತಿನ್ನೋದನ್ನೇ ತಿಂದಿತ್ತು."

ಕೈಯನ್ನು ಹಿಮದಲ್ಲಿ ಉಜ್ಜಿ ತೊಳೆದು, ಗವಸು ಹಾಕಿಕೊಂಡು, ಅವರು ಮತ್ತೆ ಗಾಳ ಇಳಿಸಿದರು. ಮಧ್ಯಾಹ್ನದವರೆಗೆ ಒಂದು ಕುಕ್ಕೊಗೆ ಸಾಕಾಗುವಷ್ಟು ಮೀನು ಸಿಕ್ಕಿತು.

ಮರುದಿನ ಅವರ ಅಡುಗೆಮನೆಯಲ್ಲಿ ಊರಿನವರು ಸೇರಿದರು. ಯಾರನ್ನೂ ಕರೆದಿರಲಿಲ್ಲ. ಬೆಂದ ರೈ ಹಿಟ್ಟಿನ ವಾಸನೆ ರಸ್ತೆಯ ತನಕ ಬರುತ್ತಿತ್ತು. ಕೂರಲು ಜಾಗ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತರು. ಅತ್ತೆ ಕುಕ್ಕೊವನ್ನು ಮೇಜಿನ ನಡುವೆ ಇಟ್ಟು ಮೇಲಿನ ಮುಚ್ಚಳ ಕತ್ತರಿಸಿ ತೆಗೆದರು. ಹಬೆ ಎದ್ದಿತು. ಮೀನುಗಳು ಒಂದರ ಪಕ್ಕ ಒಂದು ಮಲಗಿದ್ದವು.

ಅವರು ಒಂದು ಚಮಚ ತೆಗೆದುಕೊಂಡು ತಮ್ಮ ತಟ್ಟೆಗೆ ಹಾಕಿಕೊಂಡರು. ಯಾರೂ ಅವರನ್ನು ನೇರವಾಗಿ ನೋಡಲಿಲ್ಲ. ಒಬ್ಬರು ಬೂಟು ನೋಡುತ್ತಿದ್ದರು, ಒಬ್ಬರು ಒಲೆಯ ಬಾಗಿಲು ನೋಡುತ್ತಿದ್ದರು. ಚಮಚ ಬಾಯಿಯ ಹತ್ತಿರ ಹೋಗಿ ನಿಂತಿತು. ಮೇಜಿನ ಮೇಲಿದ್ದ ಅತ್ತೆಯ ಇನ್ನೊಂದು ಕೈ ಮುಷ್ಟಿಯಾಗಿತ್ತು ಎಂದು ಅಜ್ಜಿ ಹೇಳುತ್ತಾಳೆ. ಆಮೇಲೆ ಅವರು ಬಾಯಿ ತೆರೆದು ತಿಂದರು. ನಿಧಾನವಾಗಿ ಅಗಿದರು. ನುಂಗಿದರು. ಕರಗದೆ ಉಳಿದಿದ್ದ ಒಂದು ಮುಳ್ಳನ್ನು ತೆಗೆದು ತಟ್ಟೆಯ ಅಂಚಿಗಿಟ್ಟರು.

"ಉಪ್ಪು ಕಮ್ಮಿಯಾಗಿದೆ" ಎಂದರು.

ಅಜ್ಜಿ ತನ್ನ ತಟ್ಟೆ ಮುಂದೆ ತಳ್ಳಿದಳು. "ಕೊಡು, ನೋಡೋಣ."

ಅತ್ತೆ ಬಡಿಸಿದರು. ಅಜ್ಜಿ ತಿಂದು ಹೇಳಿದಳು, "ಹೂಂ. ಕಮ್ಮಿನೇ."

ಆಗ ಅಜ್ಜ ತಟ್ಟೆ ಚಾಚಿದ, ಗೋಡೆಗೆ ಒರಗಿದ್ದವರು ಮೇಜಿನ ಹತ್ತಿರ ಬಂದರು, ಯಾರೋ ಉಪ್ಪಿನ ಬಟ್ಟಲು ಹುಡುಕಿದರು. ಕೊನೆಯ ತಟ್ಟೆಗೆ ಬಡಿಸಿ ಆಗುವ ತನಕ ಅತ್ತೆ ಕೂರಲಿಲ್ಲ.

"ನಾಳೆ ನಿನ್ನ ತೂತಿನ ಪಕ್ಕಕ್ಕೆ ಒಂದು ಕೊರೀಲಾ ಹಿಲ್ಕಾ?" ಎಂದು ಅಜ್ಜ ಕೇಳಿದ.

"ಕೊರಿ. ತೀರಾ ಪಕ್ಕಕ್ಕೆ ಬೇಡ" ಎಂದರು ಅತ್ತೆ.