ನಮ್ಮ ಮನೆಯ ಪಿತ್ತ

ಮೊನ್ನೆ ಭಾನುವಾರ ಬೆಳಿಗ್ಗೆ ನಿಂಬೆಹಣ್ಣು ಹಿಂಡುತ್ತ ನಿಂತಿದ್ದೆ. ಬೆರಳಿನ ಗೀರುಗಾಯಕ್ಕೆ ಹುಳಿ ತಾಗಿ ಚುರ್ ಎಂದಾಗಲೇ ಹೊಳೆದದ್ದು, ಶರಬತ್ತು ಬೇಕೆಂದು ಯಾರೂ ಕೇಳಿರಲಿಲ್ಲ. ಮಗ ಚೇತನ್ ಇನ್ನೂ ಎದ್ದಿರಲಿಲ್ಲ. ಅವನ ರೂಮಿನ ಬಾಗಿಲು ತೆಗೆದಾಗ ಮೂಗಿಗೆ ಬಡಿದ ವಾಸನೆಗೆ ನನ್ನ ಕೈ ತಾನಾಗಿಯೇ ಫ್ರಿಜ್ಜಿನತ್ತ ಹೋಗಿತ್ತು.

ನನ್ನ ತವರು ಜರಗನಹಳ್ಳಿ. ಜೆ.ಪಿ. ನಗರದ ಈ ಮನೆಯಿಂದ ನಡೆದೇ ಹೋಗಬಹುದು. ಹೊಲದಲ್ಲೆಲ್ಲ ಬಾಡಿಗೆ ಮನೆಗಳು ಎದ್ದ ಮೇಲೆ ಅಪ್ಪನಿಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಕೆಲವು ದಿನ ಅವರು ಬಿಸಿಲೇರಿದರೂ ಏಳುತ್ತಿರಲಿಲ್ಲ. ಆಗ ಅಮ್ಮ, "ನಿಮ್ಮಪ್ಪಂಗೆ ಪಿತ್ತ. ಗಲಾಟೆ ಮಾಡ್ಬೇಡಿ" ಎನ್ನುತ್ತ ನಿಂಬೆ ಶರಬತ್ತು ಮಾಡುತ್ತಿದ್ದಳು. ಅದೂ ದೊಡ್ಡ ಪಾತ್ರೆಯಲ್ಲಿ! ಅಪ್ಪನೊಬ್ಬರಿಗೇ ಕೊಟ್ಟರೆ ಬಾಡಿಗೆಯವರ ಕಣ್ಣಿಗೆ ಬೀಳುತ್ತದಲ್ಲ, ಅದಕ್ಕೇ ಮನೆಮಂದಿಗೆಲ್ಲ ಒಂದೊಂದು ಲೋಟ. ತಾತನ ಕಾಲದಲ್ಲಿ ಅಜ್ಜಿಯೂ ಹೀಗೇ ಮಾಡುತ್ತಿದ್ದಳಂತೆ. ನಾವು ಮಕ್ಕಳು ಜಗಲಿಯ ಮೇಲೆ ಸಾಲಾಗಿ ಕೂತು ಸೊರ್ ಎಂದು ಹೀರುತ್ತಿದ್ದೆವು. ನೀವು ನಗುತ್ತೀರೇನೋ, ಅಪ್ಪನಿಗೆ ಮತ್ತೆ ಯಾವಾಗ ಪಿತ್ತವಾಗುತ್ತದೋ ಎಂದು ನಾನು ಕಾಯುತ್ತಿದ್ದೆ.

ಅಪ್ಪ ಯಾಕೆ ಮೀಟಿಂಗಿಗೆ ಬರಲಿಲ್ಲವೆಂದು ಕಾನ್ವೆಂಟಿನ ಸಿಸ್ಟರ್ ಒಮ್ಮೆ ಕೇಳಿದರು. "ಪಿತ್ತ ಸಿಸ್ಟರ್. ನಮ್ಮನೇಲಿ ಗಂಡಸರಿಗೆಲ್ಲಾ ಬರತ್ತೆ" ಎಂದೆ, ಏನೋ ದೊಡ್ಡಸ್ತಿಕೆ ಹೇಳಿಕೊಳ್ಳುವವಳಂತೆ. ಅವರು ನನ್ನ ಜಡೆಯ ರಿಬ್ಬನ್ ಸರಿಮಾಡಿದರು.

ಲಿವರ್ ಕೆಟ್ಟು ಅಪ್ಪ ಹೋದಾಗಲೂ ಮಾತಾಡಿಸಲು ಬಂದವರಿಗೆಲ್ಲ ಅಮ್ಮ ಹೇಳಿದ್ದು ಅದನ್ನೇ, ಪಿತ್ತ ಜಾಸ್ತಿಯಾಗಿತ್ತು ಎಂದು. ಅಷ್ಟು ಹೊತ್ತಿಗೆ ನಮಗೆಲ್ಲ ತಿಳಿಯುವ ವಯಸ್ಸಾಗಿತ್ತು. ಆದರೂ ಹೌದೌದೆಂದು ತಲೆಯಾಡಿಸಿದೆವು.

ಈಗ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಆ ಬೆಳಿಗ್ಗೆ ಊಟದ ಟೇಬಲ್ಲಿನ ಬಳಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು.

"ಚೇತುಗಾ?" ಎಂದಳು, ತಲೆಯೆತ್ತದೆ. "ಉಪ್ಪು ಒಂಚೂರು ಮುಂದಾಗೇ ಇರ್ಲಿ. ನಂಗೂ ಒಂದ್ಲೋಟ ಇಡು."

ಮತ್ತೆ ಮನೆಮಂದಿಗೆಲ್ಲ ಒಂದೊಂದು ಲೋಟ! ನಾನು ಚಮಚ ಅಲ್ಲೇ ಬಿಟ್ಟು ಬರಿಗೈಯಲ್ಲಿ ಮಗನ ರೂಮಿಗೆ ಹೋದೆ.

"ಚೇತು, ನೆನ್ನೆ ಕುಡಿದಿದ್ಯಾ?"

"ಅಯ್ಯೋ ಮಮ್ಮಿ, ಬೆಳಿಗ್ಗೆ ಬೆಳಿಗ್ಗೇನೇ ಶುರು ಮಾಡ್ಬೇಡ ಪ್ಲೀಸ್." ಅವನು ಗೋಡೆಯ ಕಡೆ ಹೊರಳಿದ. "ಬರೀ ಶನಿವಾರ ಕಣಮ್ಮ. ಫ್ರೆಂಡ್ಸ್ ಜೊತೆ. ಯಾರ್ ಕುಡಿಯಲ್ಲ ಹೇಳು?"

ಇಂಥ ಮಾತು ನಮ್ಮ ಮನೆಯಲ್ಲಿ ಯಾರಾದರೂ ಆಡಿದ್ದರಲ್ಲವೇ ನನಗೆ ಬರುವುದು! ಹಿಂದೆ ಚಪ್ಪಲಿಯ ಸದ್ದಾಯಿತು. ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಇನ್ನೂ ಸೊಪ್ಪಿನ ದಂಟು.

"ನಿಮ್ಮ ತಾತಾನೂ ಮೊದ್ಲು ಶನಿವಾರ ಮಾತ್ರ ಕುಡೀತಿದ್ರು ಕಣೋ" ಎಂದಳು.

ಅಪ್ಪ ಕುಡಿಯುತ್ತಿದ್ದರು ಎಂಬ ಮಾತನ್ನು ಅಮ್ಮನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಚೇತನ್ ಇತ್ತ ಹೊರಳಿ ಅಜ್ಜಿಯನ್ನೇ ನೋಡಿದ. ಎದ್ದು ಕೂತು, ಕಾಲು ಮಡಚಿಕೊಂಡು, ಮಂಚದ ತುದಿಯಲ್ಲಿ ಅವಳಿಗೆ ಜಾಗ ಮಾಡಿದ.

"ಆಮೇಲೆ ಅಜ್ಜಿ?" ಎಂದ.