ಇಪ್ಪತ್ತು ಮೀಟರ್ ಸಪಾಟು

ಸೋಗಾನೆಯಲ್ಲಿ ವಿಮಾನ ಇಳಿಯತೊಡಗಿದ ಮರುವರ್ಷ ನಾನು ಶಿವಮೊಗ್ಗದ ವಿದ್ಯಾನಗರದಲ್ಲಿರುವ ಸಣ್ಣ ಕನ್ಸಲ್ಟೆನ್ಸಿಯೊಂದರಲ್ಲಿ ರಸ್ತೆ ಡಿಸೈನರ್ ಆಗಿದ್ದೆ. ಭದ್ರಾವತಿ ಹೊರವಲಯದ ಲಿಂಕ್ ರಸ್ತೆಯೊಂದರ ಕಾರಿಡಾರ್ ಮಾಡೆಲ್, ಅಂದರೆ ಇಡೀ ರಸ್ತೆಯ ಮೂರು ಆಯಾಮದ ನಕ್ಷೆ, ನನ್ನ ಪಾಲಿಗೆ ಬಂದಿತ್ತು.

ನೇರ ರಸ್ತೆಯಲ್ಲಿ ನಡುವಿನಿಂದ ಎರಡೂ ಅಂಚಿಗೆ ಶೇಕಡಾ ಎರಡೂವರೆ ಇಳಿಜಾರಿರುತ್ತದೆ. ತಿರುವಿನಲ್ಲಿ ಹೊರ ಅಂಚನ್ನು ಎತ್ತಿ ಇಡೀ ರಸ್ತೆಯನ್ನು ಒಳಗಡೆಗೆ ಶೇಕಡಾ ಐದು ಓರೆ ಮಾಡಬೇಕು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ರಸ್ತೆ ನಿಧಾನಕ್ಕೆ ಹೊರಳುವ ಉದ್ದವೇ ಟ್ರಾನ್ಸಿಷನ್. ಸಾಫ್ಟ್‌ವೇರ್ ಅರವತ್ತು ಮೀಟರ್ ಕೊಟ್ಟಿತ್ತು. ನಾನು ನೂರೈವತ್ತು ಮಾಡಿದೆ. ಅಧಿಕಾರಿಗಳಿಗೆ ತೋರಿಸುವ ವಿಡಿಯೋದಲ್ಲಿ ಆಗ ರಸ್ತೆ ಬೆಣ್ಣೆಯ ಹಾಗೆ ಹೊರಳುತ್ತಿತ್ತು. ನಮ್ಮ ಆಫೀಸಿನಲ್ಲಿ ವಿಡಿಯೋ ಚೆನ್ನಾಗಿ ಬಂದರೆ ಡಿಸೈನ್ ಚೆನ್ನಾಗಿದೆ ಎಂದೇ ಅರ್ಥ.

ಸೈಟ್ ಎಂಜಿನಿಯರ್ ಸಲೀಂ ನನ್ನ ಕಾಲೇಜು ಸಹಪಾಠಿ. ಡಾಂಬರು ಹಾಕಿದ ವಾರವೇ ಫೋನ್ ಮಾಡಿದ.

"ಹೊರಗಿನ ಲೇನ್ ಒಂದ್ಕಡೆ ಚಪ್ಪಟೆ ಇದೆ. ನೀರು ನಿಲ್ಲುತ್ತೆ ಅನ್ಸುತ್ತೆ."

"ಮಾಡೆಲ್ ಪ್ರಕಾರ ಸರಿ ಇದೆಯಲ್ಲೋ."

"ನಿನ್ ಕಂಪ್ಯೂಟರಲ್ಲಿ ಮಳೆ ಎಲ್ಲಿ ಬರುತ್ತೆ ಮಾರಾಯ್ತಿ? ಬಂದು ನೋಡು."

ನಾನು ಹೋದದ್ದು ರಸ್ತೆ ತೆರೆದು ಮೂರು ವಾರವಾದ ಮೇಲೆ.

ಮಧ್ಯಾಹ್ನ ಜೋರು ಮಳೆ ಬಂದು ನಿಂತಿತ್ತು. ಹೊರಗಿನ ಲೇನಿನಲ್ಲಿ ಇಪ್ಪತ್ತು ಮೀಟರ್ ಉದ್ದಕ್ಕೂ ನೀರು ಕದಲದೆ ನಿಂತಿತ್ತು. ನಾನು ಎದುರು ಬದಿಯಲ್ಲಿದ್ದೆ. ಸಲೀಂ ಸ್ಟೀಲ್ ಸ್ಕೇಲ್ ಹಿಡಿದು ಆ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. "ಎಂಟು ಮಿಲಿಮೀಟರ್. ಬರ್ಕೊಳ್ಳಮ್ಮ ಡಿಸೈನರ್ರೇ" ಎಂದು ನಕ್ಕ.

ಭದ್ರಾವತಿ ಕಡೆಯಿಂದ ಕಾರ್ಖಾನೆಯ ಶಿಫ್ಟ್ ಮುಗಿಸಿದವರ ವ್ಯಾನ್ ಬಂತು. ವೇಗವೇನೂ ಹೆಚ್ಚಿರಲಿಲ್ಲ. ನೀರಿಗೆ ಇಳಿದದ್ದೇ ಅದರ ಮೂತಿ ಸಲೀಂ ಕಡೆ ತಿರುಗಿತು. ಡ್ರೈವರ್ ಸ್ಟೇರಿಂಗನ್ನು ಇನ್ನೊಂದು ಕಡೆಗೆ ಎಳೆಯುತ್ತಿರುವುದು ಗಾಜಿನಲ್ಲಿ ಕಾಣುತ್ತಿತ್ತು. ಚಕ್ರಗಳು ನೀರಿನ ಮೇಲೆ ತೇಲಿ ಗಾಡಿ ಅವನ ಮಾತು ಕೇಳುತ್ತಿರಲಿಲ್ಲ. ಸಲೀಂ ತಲೆಯೆತ್ತಿದ, ಚರಂಡಿಗೆ ಹಾರಿದ. ಅವನು ಕೂತಿದ್ದ ಜಾಗದ ಮೇಲೆ ಚಕ್ರ ಹಾದುಹೋಯಿತು. ವ್ಯಾನ್ ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಂತಿತು.

ಒಳಗೆ ಹದಿಮೂರು ಜನ. ಒಬ್ಬರ ಹಣೆ ಒಡೆದಿತ್ತು. "ಬ್ರೇಕ್ ಒತ್ತೇ ಇಲ್ಲ ಮೇಡಂ, ತಾನಾಗೇ ಹೋಯ್ತು" ಎಂದು ಡ್ರೈವರ್ ಮತ್ತೆ ಮತ್ತೆ ಹೇಳುತ್ತಿದ್ದ. ಸಲೀಂ ಕೆಸರಿನಿಂದ ಏಳುತ್ತಲೇ ಕಿರುಚಿದ: "ಹಿಂದೆ ಬಸ್ ಬರ್ತಿದೆ, ನಿಲ್ಸೇ!" ದುಪಟ್ಟಾ ಬೀಸುತ್ತ ಓಡಿದೆ. ಬಸ್ ನೀರಿಗೆ ಮುಂಚೆ ನಿಂತಿತು.

ಹೊರಗಿನ ಲೇನ್ ಓರೆ ಬದಲಿಸುವಾಗ ಸೊನ್ನೆಯನ್ನು ದಾಟಲೇಬೇಕು. ಅರವತ್ತು ಮೀಟರಿನಲ್ಲಿ ಮಾಡಿದ್ದರೆ ಸೊನ್ನೆಯ ಆಸುಪಾಸಿನ ಸಪಾಟು ಎಂಟೇ ಮೀಟರ್. ನಾನು ನೂರೈವತ್ತಕ್ಕೆ ಎಳೆದದ್ದರಿಂದ ಇಪ್ಪತ್ತಾಯಿತು. ಅಲ್ಲಿ ರಸ್ತೆಯ ಉದ್ದಕ್ಕೂ ಇಳಿಜಾರು ಇಲ್ಲವೆನ್ನುವಷ್ಟು ಕಡಿಮೆ. ತಪ್ಪು ನನ್ನದೆಂದು ಅದೇ ಸಂಜೆ ಬರೆದುಕೊಟ್ಟೆ. ಆ ಲೇನನ್ನು ಮುಚ್ಚಿ, ಡಾಂಬರು ಕೆರೆದು, ಓರೆ ಸರಿಮಾಡಿ ಮತ್ತೆ ಹಾಕಿದರು.

ಗುಂಡಿಯಿದ್ದರೆ ಕಣ್ಣಿಗೆ ಬೀಳುತ್ತದೆ, ಡ್ರೈವರ್ ಹುಷಾರಾಗುತ್ತಾನೆ. ತೀರಾ ನಿಧಾನಕ್ಕೆ ಆಗುವ ಬದಲಾವಣೆ ಅವನಿಗೂ ಕಾಣದು, ನಕ್ಷೆ ಬರೆದವಳಿಗೂ ಕಾಣದು. ಈಗ ಯಾವ ಮಾಡೆಲ್ ತೆರೆದರೂ ಸೊನ್ನೆ ಇಳಿಜಾರಿನ ಜಾಗವನ್ನೇ ಮೊದಲು ಹುಡುಕುತ್ತೇನೆ. ಅಲ್ಲಿ ಬಿದ್ದ ನೀರು ಎತ್ತ ಹೋಗುತ್ತದೆಂದು ಬೆರಳಿಟ್ಟು ತೋರಿಸಲಾಗದಿದ್ದರೆ ಸಹಿ ಹಾಕುವುದಿಲ್ಲ.