ಆಣೆಕಲ್ಲು ಬಿದ್ದಾಗ ಮನೆಯಲ್ಲಿ ನಾವಿಬ್ಬರೇ

ನನ್ನ ಮದುವೆಯಾಗಿ ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಸೊಲ್ಲಾಪುರದ ಪೇಟೆಯಲ್ಲಿ ನಮ್ಮಪ್ಪನದು ಬಟ್ಟೆ ಅಂಗಡಿ, ಅಂಗಡಿಯ ಮೇಲೆಯೇ ಮನೆ. ಕಿಟಕಿ ತೆರೆದರೆ ರಿಕ್ಷಾಗಳ ಸದ್ದು, ಗಿರಾಕಿಗಳ ಚೌಕಾಶಿ, ಎದುರಿನ ಮನೆಯ ಕುಕ್ಕರಿನ ಸೀಟಿ. ಅಲ್ಲಿಂದ ನನ್ನನ್ನು ಕೊಟ್ಟದ್ದು ಅಕ್ಕಲಕೋಟೆ ತಾಲೂಕಿನ ಒಂದು ಒಕ್ಕಲುತನದ ಮನೆಗೆ. ಅದು ಊರೊಳಗಿನ ಮನೆಯೂ ಅಲ್ಲ. ಊರಿಂದ ಮೈಲಿ ದೂರ, ಹೊಲದ ನಡುವೆ ಕಟ್ಟಿಕೊಂಡ ಒಂಟಿ ಮನೆ. ಅಂಥದಕ್ಕೆ ನಮ್ಮ ಕಡೆ ವಸ್ತಿ ಎನ್ನುತ್ತಾರೆ. ಮಧ್ಯಾಹ್ನ ಎಮ್ಮೆ ಮೆಲುಕು ಹಾಕುವುದು ಅಡುಗೆ ಮನೆಯವರೆಗೆ ಕೇಳುತ್ತಿತ್ತು.

ಆ ದಿನ ಬಿಜಾಪುರದ ಕಡೆ ಬಂಧುಗಳ ಮನೆಯಲ್ಲಿ ಸಾಖರಪುಡಾ, ಅಂದರೆ ಮದುವೆ ನಿಶ್ಚಯ. ಮಾವ, ಅತ್ತೆ, ಭಾವ, ನೆಗೆಣ್ಣಿ, ನನ್ನ ಗಂಡ, ಐದು ಜನಕ್ಕೆ ಕಾರು ತುಂಬಿತು. ಹೊಸ ಸೀರೆ ಉಟ್ಟು ನಾನೂ ಅಂಗಳದಲ್ಲಿ ನಿಂತಿದ್ದೆ. ಅತ್ತೆ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನೀ ಇರವಾ. ಅಕ್ಕವ್ವಗ ರೊಟ್ಟಿ ಹಾಕಾಕ ಯಾರರ ಬೇಕಲ್ಲ" ಎಂದರು. ನನ್ನ ಗಂಡ, "ನಾಳಿ ಮುಂಜಾನಿ ಬಂದಬಿಡ್ತೀವಿ" ಎಂದು ಗಾಡಿ ಚಾಲೂ ಮಾಡಿದರು. ಧೂಳು ಇಳಿಯುವವರೆಗೂ ನಿಂತಿದ್ದು, ಒಳಗೆ ಹೋಗಿ ಸೀರೆ ಬದಲಿಸಿದೆ.

ಅಕ್ಕವ್ವ ಎಂದರೆ ಮಾವನವರ ಅಕ್ಕ. ಮನೆಮಂದಿಯೆಲ್ಲ ಆಕೆಯನ್ನು ಕರೆಯುವುದು ಹಾಗೆಯೇ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು, ಮತ್ತೆ ಎಲ್ಲಿಗೂ ಹೋಗಲಿಲ್ಲ. ನಾನು ಬಂದ ಮೇಲೆ ಆಕೆ ನನ್ನ ಜೊತೆ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಉಪ್ಪು ಎಲ್ಲಿದೆ, ಹಾಲು ಉಕ್ಕುತ್ತಿದೆ, ಅಷ್ಟೇ. ನಾನು ಎದುರಿಗೆ ಕೂತರೆ ಎದ್ದು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಪೇಟೆಯ ಹುಡುಗಿ, ಮಾತಿಗೊಂದು ಮರಾಠಿ ಶಬ್ದ ಸೇರಿಸುವವಳು, ಅದಕ್ಕೇ ಸೇರುವುದಿಲ್ಲವೇನೋ ಎಂದುಕೊಂಡಿದ್ದೆ. ಮನೆಯಲ್ಲಿ ಕನ್ನಡವಾಡಿದರೂ ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಬರೆಯಲು ಕಲಿತದ್ದು ಬಹಳ ವರ್ಷಗಳ ನಂತರ.

ನಾಲ್ಕು ಗಂಟೆಯ ಸುಮಾರಿಗೆ ಪಡುವಣದಲ್ಲಿ ಮೋಡ ಕಟ್ಟಿತು. ಮಳೆಯ ಮೋಡದ ಕಪ್ಪಲ್ಲ, ಹಳೆಯ ತಾಮ್ರದ ಕೊಡದ ಬಣ್ಣ. ಬಿಸಿಲುಗಾಲದ ಗಾಳಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಅಂಗಳದ ಬೇವಿನ ಮರದಲ್ಲಿ ಗಿಳಿಗಳು ಒಮ್ಮೆಲೆ ಕೂಗಿ ಸುಮ್ಮನಾದವು. ತಗಡಿನ ಮೇಲೆ ಯಾರೋ ಕಲ್ಲೆಸೆದಂತೆ ಒಂದು ಸದ್ದು, ಇನ್ನೊಂದು, ಆಮೇಲೆ ಎಣಿಸಲಾಗದಷ್ಟು.

"ಗಾರಾ! ಗಾರಾ ಬೀಳಾಕತ್ಯಾವ!" ಎಂದು ನಾನು ಆಣೆಕಲ್ಲಿನ ಮರಾಠಿ ಶಬ್ದವನ್ನೇ ಕನ್ನಡಕ್ಕೆ ಸೇರಿಸಿ ಕೂಗಿದೆ.

ಅಕ್ಕವ್ವ ಒಳಗಿರಲಿಲ್ಲ. ಎಮ್ಮೆಯನ್ನು ಬೇವಿನ ಬುಡದಿಂದ ಬಿಚ್ಚಿ ಕೊಟ್ಟಿಗೆಗೆ ಅಟ್ಟಲು ತಲೆಯ ಮೇಲೆ ಬುಟ್ಟಿ ಹೊತ್ತು ಅಂಗಳಕ್ಕಿಳಿದಿದ್ದಳು. ಮೊದಲು ಬಿದ್ದವು ಕಡಲೆ ಗಾತ್ರದವು, ಆಮೇಲಿನವು ಲಿಂಬೆಹಣ್ಣಿನಷ್ಟು. ಎಮ್ಮೆ ಹಗ್ಗ ಬಿಚ್ಚಿದ್ದೇ ಓಡಿಹೋಯಿತು. ಆಕೆ ಅದರ ಹಿಂದೆ ಎರಡು ಹೆಜ್ಜೆ ಇಟ್ಟಳು, ಉರುಳುವ ಕಲ್ಲುಗಳ ಮೇಲೆ ಕಾಲು ಜಾರಿತು. ಬುಟ್ಟಿ ಅತ್ತ ಹಾರಿತು, ಆಕೆ ಇತ್ತ ಬಿದ್ದಳು.

ಹಿಟ್ಟು ನಾದುವ ಪರಾತ ಕೈಗೆ ಸಿಕ್ಕಿತು. ಅದನ್ನೇ ತಲೆಗೆ ಹಿಡಿದು ಹೊರಗೆ ಓಡಿದೆ. ಸ್ಟೀಲಿನ ಮೇಲೆ ಆಣೆಕಲ್ಲು ಬೀಳುವ ಸದ್ದಿಗೆ ಕಿವಿ ಗುಂಯ್ ಎಂದಿತು. ಪರಾತ ಹಿಡಿದ ಬೆರಳುಗಳ ಮೇಲೆ ಏಟು ಬಿದ್ದಾಗಲೆಲ್ಲ ಕಣ್ಣಲ್ಲಿ ನೀರು. ಪರಾತವನ್ನು ಆಕೆಯ ತಲೆಯ ಮೇಲೆ ಹಿಡಿದು, "ಏಳ್ರಿ, ಅಕ್ಕವ್ವ, ಏಳ್ರಿ" ಎಂದು ರೆಟ್ಟೆ ಹಿಡಿದು ಎಬ್ಬಿಸಿದೆ. ಆಕೆಯ ಬಲಗೈ ಜೋತುಬಿದ್ದಿತ್ತು. ಒಳಗೆ ಬಂದು ಕೂತ ಮೇಲೂ ಆಕೆ ಕೇಳಿದ್ದು ಒಂದೇ ಮಾತು: "ಎಮ್ಮಿ ಒಳಗ ಹೋತೇನ?"

ಹೋಗಿತ್ತು.

ಆಣೆಕಲ್ಲಿನ ಮಳೆ ಅರ್ಧ ಗಂಟೆಯಲ್ಲಿ ನಿಂತಿತು. ಬಾಗಿಲಿಗೆ ಬಂದು ನೋಡಿದರೆ ನೆಲವೇ ಇರಲಿಲ್ಲ. ಅಂಗಳ, ದಾರಿ, ಜೋಳ ಕೊಯ್ದ ಹೊಲ, ಆಚೆಯ ನಮ್ಮ ದ್ರಾಕ್ಷಿ ತೋಟ, ಎಲ್ಲ ಬೆಳ್ಳಗೆ. ಗೋಡೆಯ ಬುಡದಲ್ಲಿ ಮೊಣಕಾಲುದ್ದ ರಾಶಿ. ಟಿವಿಯಲ್ಲಿ ಕಾಶ್ಮೀರ ತೋರಿಸುತ್ತಾರಲ್ಲ, ಹಾಗೆ. ಬಾಯಿ ತೆರೆದರೆ ಹೊಗೆ ಬರುತ್ತಿತ್ತು. ಬೇವಿನ ಮರದಲ್ಲಿ ಒಂದು ಎಲೆ ಉಳಿದಿರಲಿಲ್ಲ, ಕೆಳಗೆ ಬಿಳಿಯ ಮೇಲೆ ಹಸಿರು ಹಸಿರಾಗಿ ಗಿಳಿಗಳು ಸತ್ತು ಬಿದ್ದಿದ್ದವು. ತೋರಿಸಬೇಕು, ಯಾರನ್ನಾದರೂ ಕರೆದು ತೋರಿಸಬೇಕು ಎನ್ನಿಸಿತು. ಫೋನು ತೆಗೆದೆ. ನೆಟ್‌ವರ್ಕ್ ಇರಲಿಲ್ಲ, ಕರೆಂಟೂ ಇರಲಿಲ್ಲ. ಒಂದು ಫೋಟೋ ಹೊಡೆದು ಒಳಗೆ ಬಂದೆ.

ಅಕ್ಕವ್ವನ ಮಣಿಕಟ್ಟು ಬಾತುಕೊಂಡಿತ್ತು. ಅರಿಶಿಣ, ಸುಣ್ಣ ಕಲಸಿ ಬಿಸಿಮಾಡಿ ಹಚ್ಚಲು ಆಕೆಯೇ ಹೇಳಿಕೊಟ್ಟಳು. ನನ್ನ ಹಳೆಯ ಓಢಣಿ ಹರಿದು ಕಟ್ಟಿದೆ. ಆಮೇಲೆ ಎಮ್ಮೆ ಹಿಂಡುವ ಹೊತ್ತಾಯಿತು. ನಾನು ಹುಟ್ಟಿದಾರಭ್ಯ ಎಮ್ಮೆಯ ಕೆಚ್ಚಲು ಮುಟ್ಟಿದವಳಲ್ಲ.

"ಮೊದಲ ಕರಾ ಬಿಡು," ಎಂದಳು ಅಕ್ಕವ್ವ, ಕಂಬಕ್ಕೆ ಒರಗಿ ನಿಂತು. "ಈಗ ಕೂಡು. ಜಗ್ಗಬ್ಯಾಡ, ಒತ್ತಿ ಇಳಸು. ಅಂಜಬ್ಯಾಡ, ಅದೂ ಅಂಜೇತಿ."

ಒಂದು ಲೋಟದಷ್ಟು ಹಾಲು ಬಂತು. ಅಷ್ಟಕ್ಕೇ ಎಮ್ಮೆ ಒದ್ದು ಚರಿಗೆ ಉರುಳಿಸಿತು. ನನಗೆ ಅಳು ಬಂತು. ಆಕೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಇನ್ನೊಮ್ಮಿ ಕೂಡು" ಎಂದಳು.

ಆಕೆ ಮಲಗುತ್ತಿದ್ದದ್ದು ಮುಂದಿನ ಪಡಸಾಲೆಯಲ್ಲಿ. ಅಲ್ಲಿನ ತಗಡುಗಳು ತೂತುಬಿದ್ದು ಹಾಸಿಗೆ ತೊಯ್ದಿತ್ತು. ನಮ್ಮ ಖೋಲಿಗೆ, ಅಂದರೆ ನಾನೂ ನನ್ನ ಗಂಡನೂ ಮಲಗುವ ಕೋಣೆಗೆ, ಬರಲು ಕರೆದೆ. "ಬ್ಯಾಡ" ಎಂದು ಅಡುಗೆ ಮನೆಯಲ್ಲಿ ಒಲೆಯ ಪಕ್ಕ ಚಾದರ ಹಾಸಿಕೊಂಡಳು. ನಾನು ಒಬ್ಬಳೇ ಖೋಲಿಗೆ ಹೋದೆ.

ಮರುದಿನ ಬೆಳಿಗ್ಗೆ ಯಾರೂ ಬರಲಿಲ್ಲ. ಬೋರಿನ ಪಂಪು ನಡೆಯದ್ದರಿಂದ ನೀರಿಲ್ಲ. ಗೋಡೆ ಬುಡದ ಆಣೆಕಲ್ಲುಗಳನ್ನು ಬುಟ್ಟಿಯಲ್ಲಿ ತುಂಬಿ ಹಂಡೆಗೆ ಸುರಿದು ಒಲೆಯ ಮೇಲಿಟ್ಟೆ. ತುಂಬಿದ ಹಂಡೆ ಕರಗಿ ಕಾಲು ಹಂಡೆಯಾಯಿತು. ಅದರಲ್ಲೇ ಪಾತ್ರೆ ತೊಳೆದೆ. ಗಿಳಿಗಳನ್ನು ಗುಡಿಸಿ ಬೇವಿನ ಹಿಂದೆ ಹೂಳಿದೆ. ಜೋಳದ ರೊಟ್ಟಿ ಬಡಿದೆ, ಅಂಚು ಹರಿದವು. ಶೇಂಗಾ ಚಟ್ನಿ ಹಚ್ಚಿಕೊಂಡು ಇಬ್ಬರೂ ತಿಂದೆವು, ಆಕೆ ಎಡಗೈಯಲ್ಲಿ.

ಊರಿನ ಒಬ್ಬ ಗೃಹಸ್ಥರು ತಲೆಗೆ ಗೋಣಿಚೀಲ ಹೊದ್ದು ನಡೆದುಕೊಂಡೇ ಬಂದರು.

"ಗೌಡ್ರು ಅದಾರೇನ್ರಿ?"

"ಇಲ್ರಿ, ಬಿಜಾಪುರಕ್ಕ ಹೋಗ್ಯಾರ."

"ದಾರ್‍ಯಾಗ ಲೈಟಿನ ಕಂಬಾ ಬಿದ್ದಾವ್ರಿ, ಗಾಡಿ ಬರಂಗಿಲ್ಲ. ದ್ರಾಕ್ಷಿ ಪೂರಾ ನೆಲಾ ಹಿಡದಾವ. ಬಂದ್ರ ಹೇಳ್ರಿ." ಅಷ್ಟು ಹೇಳಿ ಬಂದ ಹೆಜ್ಜೆಯಲ್ಲೇ ಹೋದರು. ಅವರ ಹೆಜ್ಜೆಯ ಗುಳಿಗಳು ಬಹಳ ಹೊತ್ತು ಬಿಳಿಯ ಮೇಲೆ ಉಳಿದಿದ್ದವು. ಚಹಾ ಕುಡಿದು ಹೋಗಿ ಎನ್ನಬೇಕಿತ್ತು ಎಂದು ನೆನಪಾಗುವಷ್ಟರಲ್ಲಿ ಅವರು ತೋಟ ದಾಟಿದ್ದರು.

ಆ ಮಧ್ಯಾಹ್ನ ಮತ್ತೆ ಬಿತ್ತು. ಈ ಸಲ ಮಳೆಯ ಜೊತೆ. ಅಡುಗೆ ಮನೆಯ ಹೊಗೆಕಿಂಡಿಯಿಂದ ನೀರು ಸುರಿದು ಒಲೆ ಆರಿತು, ಆಕೆಯ ಚಾದರವೂ ತೊಯ್ದಿತು. ಈಗ ನಾನು ಕೇಳಲಿಲ್ಲ. ಎಡಗೈ ಹಿಡಿದು ಎಳೆದುಕೊಂಡೇ ಖೋಲಿಗೆ ಕರೆತಂದೆ. ಬಾಗಿಲಲ್ಲಿ ಆಕೆ ಕ್ಷಣ ನಿಂತಳು. ಆಮೇಲೆ ನೇರ ಕಿಟಕಿಯ ಹತ್ತಿರ ಹೋದಳು. ಆ ಕಿಟಕಿಯನ್ನು ತೆರೆಯಲು ನಾನೂ ನನ್ನ ಗಂಡನೂ ಮದುವೆಯಾದಾಗಿನಿಂದ ಹೆಣಗಿದ್ದೆವು, ಆಗಿರಲಿಲ್ಲ. ಆಕೆ ಚೌಕಟ್ಟಿನ ಕೆಳಮೂಲೆಗೆ ಎಡ ಅಂಗೈಯಿಂದ ಒಂದು ಪೆಟ್ಟು ಕೊಟ್ಟು, ಅಗುಳಿಯನ್ನು ಸ್ವಲ್ಪ ಮೇಲೆತ್ತಿ ತಳ್ಳಿದಳು. ತೆರೆಯಿತು. ಹೊರಗೆ ಆಣೆಕಲ್ಲು ಬೀಳುತ್ತಿರುವುದು ಕಾಣಿಸಿತು.

"ನಿಮಗ ಹ್ಯಾಂಗ ಗೊತ್ತ್ರಿ?"

"ನಲವತ್ತ ವರ್ಷ ತಗದೀನಿ," ಎಂದಳು. "ಈ ಖೋಲಿ ನಂದಿತ್ತ."

ಆಕೆ ಹೊರಗೆ ನೋಡುತ್ತಲೇ ಹೇಳಿದಳು: "ನಿಮ್ಮ ಲಗ್ನ ಗೊತ್ತಾತಲ್ಲ, ಬಣ್ಣಾ ಹಚ್ಚಿಸಿದ್ರು. ನಾ ಹೊಲಕ್ಕ ಹೋಗಿದ್ದೆ. ಬರೂದ್ರಾಗ ನನ್ನ ಟ್ರಂಕ್ ಪಡಸಾಲ್ಯಾಗ ಇತ್ತ. ಯಾರೂ ಕೇಳಲಿಲ್ಲ."

"ನನಗ ಗೊತ್ತಿರಲಿಲ್ರಿ."

"ನಿನಗೆಲ್ಲಿ ಗೊತ್ತಿರತೈತಿ." ಅಗುಳಿಯನ್ನು ಸವರುತ್ತ, "ಕೇಳಿದ್ರ ನಾನ ಕೊಡ್ತಿದ್ದೆ," ಎಂದಳು.

ಮಂಚದ ಮೇಲೆ ಆಕೆ, ನೆಲದಲ್ಲಿ ನಾನು, ಸಂಜೆಯವರೆಗೆ ಹಾಗೆಯೇ ಕೂತಿದ್ದೆವು. ನನ್ನ ತವರಿನ ಸುದ್ದಿ ಹೇಳಬೇಕೆನ್ನಿಸಿತು. ಅಂಗಡಿಯ ಸದ್ದಿಲ್ಲದೆ ನನಗೆ ನಿದ್ದೆ ಬರುವುದಿಲ್ಲ, ದಿನಾ ಸ್ನಾನದ ಮನೆಯಲ್ಲಿ ಅಳುತ್ತೇನೆ ಎಂದು. ಹೇಳಲಿಲ್ಲ. ಆಕೆಯ ಖೋಲಿಯಲ್ಲಿ ಕೂತು ಆಕೆಗೇ ನನ್ನ ದುಃಖ ಹೇಗೆ ಹೇಳುವುದು?

ಮೂರನೆಯ ದಿನ ಬಿಸಿಲು ಬಿತ್ತು. ಮಧ್ಯಾಹ್ನ ಕಾರು ಬಂತು. ಮಾವ, ಭಾವ, ನನ್ನ ಗಂಡ ಇಳಿದವರೇ ಚಪ್ಪಲಿಯಲ್ಲೇ ತೋಟಕ್ಕೆ ಓಡಿದರು. ನೆಗೆಣ್ಣಿ ತಗಡಿನ ತೂತು ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಅತ್ತೆ ಎಮ್ಮೆಯ ಮೈ ಸವರಿ ನೋಡಿದರು, ಆಮೇಲೆ ಅಕ್ಕವ್ವನ ಕೈ ನೋಡಿ, "ಇದೇನಾತ?" ಎಂದರು. "ಬಿದ್ನಿ" ಎಂದಳು ಅಕ್ಕವ್ವ. ನನ್ನ ಬೆರಳುಗಳು ನೀಲಿಗಟ್ಟಿದ್ದವು. ಊಟಕ್ಕೆ ಬಡಿಸುವಾಗ ಯಾರಾದರೂ ನೋಡಿಯಾರು ಎಂದುಕೊಂಡೆ. ಎಲ್ಲರೂ ತೋಟದ ಮಾತನ್ನೇ ಆಡುತ್ತಿದ್ದರು. ಅವರ ತಪ್ಪೆಂದು ಈಗಲೂ ಹೇಳಲಾರೆ, ಒಂದು ವರ್ಷದ ದುಡಿಮೆ ಮಣ್ಣಾಗಿತ್ತು.

ಮರುದಿನ ಫೋನು ನಡೆಯಿತು. ತವರಿನಿಂದ ಅವ್ವ ಮಾಡಿದ್ದಳು. "ಟಿವ್ಯಾಗ ತೋರಿಸಿದ್ರ. ಎಷ್ಟ ಚಂದ ಕಾಣಿಸಾಕತ್ತಿತ್ತ! ಇಲ್ಲಿ ನಾಕ ಹನಿ ಬಿದ್ವು ಅಷ್ಟ. ಆರಾಮ ಅದಿಯಲ್ಲ?"

"ಆರಾಮ ಅದೀನಿ."

ಖೋಲಿಯನ್ನು ಅಕ್ಕವ್ವನಿಗೆ ಬಿಟ್ಟುಕೊಡೋಣ ಎಂದು ಗಂಡನಿಗೆ ಹೇಳಿದೆ. "ಆಕಿ ಏನರ ಅಂದಳೇನ?" ಎಂದರು. ಇಲ್ಲ ಎಂದೆ. "ಮತ್ತ ಸುಮ್ನ ಯಾಕ?" ಎಂದರು. ಅವರನ್ನು ಒಪ್ಪಿಸಿ ಅಕ್ಕವ್ವನ ಹತ್ತಿರ ಹೋದರೆ ಆಕೆಯೇ ಒಪ್ಪಲಿಲ್ಲ. "ಹೊಸದಾಗಿ ಲಗ್ನ ಆದವ್ರನ್ನ ಪಡಸಾಲ್ಯಾಗ ಮಲಗಿಸಿ ನಾ ಒಳಗ ಮಲಗಲೇನ? ಮಂದಿ ಏನಂದಾರ?" ಎಂದು ಎದ್ದು ಹೋದಳು. ಆಮೇಲೆ ಮೊದಲಿನ ಹಾಗೆಯೇ, ಉಪ್ಪು, ಹಾಲು. ಒಂದೇ ವ್ಯತ್ಯಾಸವೆಂದರೆ ನಾನು ಎದುರಿಗೆ ಕೂತರೆ ಆಕೆ ಏಳುತ್ತಿರಲಿಲ್ಲ.

ಮೂರು ವರ್ಷದ ಮೇಲೆ ನನ್ನ ಗಂಡನಿಗೆ ಸೊಲ್ಲಾಪುರದ ಪಕ್ಕದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿ ನಾವು ಸೊಲ್ಲಾಪುರಕ್ಕೆ ಬಂದೆವು. ಖೋಲಿ ಅಕ್ಕವ್ವನಿಗೆ ತಿರುಗಿ ಹೋಯಿತು. ನನಗೆ ಸಿಕ್ಕದ್ದು ಮೂರನೆಯ ಮಹಡಿಯ ಫ್ಲ್ಯಾಟು. ಅಲ್ಲಿ ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡೇ ಇರುತ್ತಾರೆ, ಗಂಡ ಶಿಫ್ಟಿಗೆ ಹೋದರೆ ನಾನು ಯಾರ ಜೊತೆಗೂ ಮಾತಾಡದೆ ದಿನ ಕಳೆಯುತ್ತದೆ.

ಎರಡು ತಿಂಗಳಿಗೊಮ್ಮೆ ಬಸ್ಸು ಹತ್ತಿ ವಸ್ತಿಗೆ ಹೋಗುತ್ತೇನೆ. ಅಕ್ಕವ್ವ ಚಹಾ ಕೊಟ್ಟು, ನಾನು ಕುಡಿದು ಮುಗಿಸುವ ಮೊದಲೇ ಕೇಳುತ್ತಾಳೆ: "ಯಾವಾಗ ಹೊಂಟಿ?"

ಕಳಿಸುವ ಅವಸರಕ್ಕೆ ಕೇಳುತ್ತಾಳೋ, ಇರಲಿ ಎಂದು ಕೇಳುತ್ತಾಳೋ, ಇಷ್ಟು ವರ್ಷಗಳಾದರೂ ನನಗೆ ಗೊತ್ತಾಗಿಲ್ಲ. ಸಂಜೆಯ ಬಸ್ಸಿಗೇ ಹೊರಡಬೇಕೆಂದು ಹೋಗಿರುತ್ತೇನೆ. ಆದರೂ ಆಕೆ ಕೇಳಿದಾಗ ಬಾಯಿಗೆ ಬರುವುದು, "ನಾಳಿಗ್ರಿ."